ಬಯಲು ಸಾಕಣೆಯ ಟರ್ಕಿ ಕೋಳಿಗಳ ವರ್ತನೆ ಮತ್ತು ನಿರ್ವಹಣೆ

ಟರ್ಕಿ ಕೋಳಿಗಳನ್ನು ದಿನವಿಡೀ ಮನೆಯೊಳಗೆ ಕೂಡಿಹಾಕದೆ, ಹಗಲು ಹೊತ್ತಿನಲ್ಲಿ ಹಿತ್ತಲು, ತೋಟ ಅಥವಾ ಹುಲ್ಲುಗಾವಲಿನಲ್ಲಿ ಮೇಯಲು ಬಿಟ್ಟು, ರಾತ್ರಿ ಮಾತ್ರ ಆಶ್ರಯ ನೀಡಿ ಸಾಕುವ ಪದ್ಧತಿಗೆ ಬಯಲು ಸಾಕಣೆ ಎನ್ನುತ್ತಾರೆ. ಈ ಪದ್ಧತಿಯಲ್ಲಿ ಹಕ್ಕಿಗಳು ಹುಲ್ಲು, ಕಳೆಬೀಜ, ಮಿಡತೆ, ಗೆದ್ದಲು ಮುಂತಾದವನ್ನು ತಾವೇ ಹುಡುಕಿ ತಿನ್ನುವುದರಿಂದ ಮೇವಿನ ಖರ್ಚು ಕಡಿಮೆಯಾಗುತ್ತದೆ. ಆದರೆ ಬೇಲಿ ಹಾರುವುದು, ಮರವೇರಿ ಮಲಗುವುದು, ಪೊದೆಗಳಲ್ಲಿ ಮೊಟ್ಟೆಯಿಡುವುದು, ಪರಸ್ಪರ ಕುಕ್ಕುವುದು, ಜನರ ಮೇಲೆ ಎರಗುವುದು ಮೊದಲಾದ ತೊಂದರೆಗಳೂ ಕಾಣಿಸಿಕೊಳ್ಳುತ್ತವೆ. ಇವುಗಳಲ್ಲಿ ಹೆಚ್ಚಿನವು ಕಾಡು ಟರ್ಕಿಯ ಸಹಜ ಅಭ್ಯಾಸಗಳೇ ಆಗಿವೆ. ಆದುದರಿಂದ ಇವನ್ನು ದಂಡನೆಯಿಂದ ತಡೆಯಲು ಸಾಧ್ಯವಿಲ್ಲ; ಮರಿಗಳನ್ನು ಬೆಳೆಸುವ ರೀತಿ, ಸ್ಥಳದ ವ್ಯವಸ್ಥೆ ಮತ್ತು ದಿನಚರಿಯ ಕ್ರಮಬದ್ಧತೆಯಿಂದ ಮಾತ್ರ ಹದ್ದುಬಸ್ತಿನಲ್ಲಿ ಇಡಬಹುದು.

ಹಿನ್ನೆಲೆ

ಸಾಕು ಟರ್ಕಿಯ ಮೂಲ ಉತ್ತರ ಅಮೆರಿಕದ ಕಾಡು ಟರ್ಕಿ. ಇದರ ವೈಜ್ಞಾನಿಕ ಹೆಸರು ಮೆಲಿಯಾಗ್ರಿಸ್ ಗ್ಯಾಲೊಪಾವೊ. ಮೆಕ್ಸಿಕೋ ಪ್ರದೇಶದ ಪ್ರಾಚೀನ ಜನರು ಸುಮಾರು 2000 ವರ್ಷಗಳಿಗೂ ಹಿಂದೆ ಇದನ್ನು ಪಳಗಿಸಿದ್ದರು. 16ನೆಯ ಶತಮಾನದ ಆರಂಭದಲ್ಲಿ ಸ್ಪೇನ್ ದೇಶದವರು ಇದನ್ನು ಯುರೋಪಿಗೆ ಒಯ್ದರು. ಹೆಸರಿನಲ್ಲಿ ಟರ್ಕಿ ಎಂದಿದ್ದರೂ ಆ ದೇಶಕ್ಕೂ ಹಕ್ಕಿಯ ಮೂಲಕ್ಕೂ ಸಂಬಂಧವಿಲ್ಲ.

ಭಾರತದಲ್ಲಿ ಈ ಹಕ್ಕಿಯ ಪ್ರಸಿದ್ಧ ಆರಂಭಿಕ ದಾಖಲೆ ಮೊಗಲ್ ಚಕ್ರವರ್ತಿ ಜಹಾಂಗೀರನ ಕಾಲದ್ದು. 1612ರಲ್ಲಿ ಮುಕರ್ರಬ್ ಖಾನ್ ಗೋವೆಯಿಂದ ತಂದ ಅಪೂರ್ವ ಪ್ರಾಣಿಗಳಲ್ಲಿ ಟರ್ಕಿಯೂ ಇತ್ತು. ಅದರ ತಲೆ ಮತ್ತು ಕತ್ತಿನ ಬಣ್ಣ ಆಗಾಗ ಬದಲಾಗುವುದನ್ನು ಜಹಾಂಗೀರನು ತನ್ನ ಆತ್ಮಕಥನದಲ್ಲಿ ಕುತೂಹಲದಿಂದ ದಾಖಲಿಸಿದ್ದಾನೆ. ಆಸ್ಥಾನದ ಕಲಾವಿದ ಉಸ್ತಾದ್ ಮನ್ಸೂರ್ ಅದರ ಚಿತ್ರವನ್ನು ಬರೆದನು. ಚಕ್ರವರ್ತಿಯನ್ನು ಬೆರಗುಗೊಳಿಸಿದ ಈ ಬಣ್ಣ ಬದಲಾವಣೆಯೇ ಇಂದಿಗೂ ಹಕ್ಕಿಯ ಮನಸ್ಥಿತಿಯನ್ನು ತಿಳಿಯಲು ಸಾಕಣೆದಾರನಿಗೆ ದೊರೆಯುವ ಸುಲಭವಾದ ಗುರುತು.

ವರ್ತನೆಯ ಸಾಮಾನ್ಯ ಲಕ್ಷಣಗಳು

ಹಿಂಡು ಮತ್ತು ಶ್ರೇಣಿ

ಟರ್ಕಿ ಹಿಂಡಿನಲ್ಲಿ ಬಾಳುವ ಹಕ್ಕಿ. ಒಂಟಿಯಾದ ಹಕ್ಕಿ ಜೋರಾಗಿ ಕೂಗುತ್ತಾ ಜೊತೆಗಾರರನ್ನು ಹುಡುಕುತ್ತದೆ. ಒಂದು ಹಕ್ಕಿ ಮೇಯಲು, ನೀರು ಕುಡಿಯಲು ಅಥವಾ ಧೂಳಿನಲ್ಲಿ ಹೊರಳಾಡಲು ತೊಡಗಿದರೆ ಉಳಿದವೂ ಅದನ್ನೇ ಮಾಡುತ್ತವೆ. ಹಿಂಡಿನೊಳಗೆ ಮೇಲುಕೀಳಿನ ಒಂದು ಕ್ರಮವಿರುತ್ತದೆ. ಕೋಳಿಗಳಲ್ಲಿ ಇಂಥ ಕ್ರಮವಿರುವುದನ್ನು ನಾರ್ವೆಯ ವಿಜ್ಞಾನಿ ಥೋರ್ಲೀಫ್ ಶೆಲ್ಡರುಪ್-ಎಬ್ಬೆ 1921ರಲ್ಲಿ ವಿವರಿಸಿದ್ದನು. ಮೇಲಿನ ಶ್ರೇಣಿಯ ಹಕ್ಕಿ ಕೆಳಗಿನದನ್ನು ಕುಕ್ಕಬಹುದು. ಕೆಳಗಿನದು ತಿರುಗಿ ಕುಕ್ಕುವುದಿಲ್ಲ. ಕಾಡು ಟರ್ಕಿಗಳಲ್ಲಿ ಒಂದೇ ತಾಯಿಯ ಗಂಡುಮರಿಗಳು ಬೆಳೆದ ಮೇಲೂ ಒಂದು ಗುಂಪಾಗಿ ಉಳಿದು, ಬೇರೆ ಗುಂಪಿನ ಗಂಡುಗಳನ್ನು ಒಟ್ಟಾಗಿ ಎದುರಿಸುತ್ತವೆ. ಕ್ರಮವು ಒಮ್ಮೆ ನೆಲೆಗೊಂಡರೆ ಜಗಳ ಕಡಿಮೆಯಾಗುತ್ತದೆ. ಹಿಂಡಿಗೆ ಹೊಸ ಹಕ್ಕಿ ಸೇರಿದಾಗಲೆಲ್ಲ ಅದು ಮತ್ತೆ ಹೊಸದಾಗಿ ನಿರ್ಧಾರವಾಗಬೇಕಾಗುತ್ತದೆ.

ಸಂಕೇತಗಳು

ಗಂಡು ಟರ್ಕಿಯ ಕೊಕ್ಕಿನ ಬುಡದಲ್ಲಿ ಸ್ನೂಡ್ ಎಂಬ ಮಾಂಸದ ಜೋಲು ಇರುತ್ತದೆ. ಹಕ್ಕಿ ಶಾಂತವಾಗಿರುವಾಗ ಅದು ಗಿಡ್ಡವಾಗಿದ್ದು, ಮೆರೆಯುವಾಗ ಉದ್ದವಾಗಿ ಕೊಕ್ಕಿನ ಪಕ್ಕಕ್ಕೆ ಇಳಿಬೀಳುತ್ತದೆ. ಮೆರೆಯುವ ಗಂಡು ಬಾಲದ ಗರಿಗಳನ್ನು ಬೀಸಣಿಗೆಯಂತೆ ಅರಳಿಸಿ, ರೆಕ್ಕೆಯ ತುದಿಗಳನ್ನು ನೆಲಕ್ಕೆ ಉಜ್ಜುತ್ತಾ, ಎದೆಯುಬ್ಬಿಸಿ ನಿಧಾನವಾಗಿ ಹೆಜ್ಜೆಯಿಡುತ್ತದೆ. ಆಗ ಅದರ ತಲೆ ಮತ್ತು ಕತ್ತು ಕೆಂಪು, ಬಿಳಿ, ನೀಲಿ ಬಣ್ಣಗಳಿಂದ ಹೊಳೆಯುತ್ತವೆ. ಗಳಗಳನೆ ಉರುಳುವ ದೊಡ್ಡ ಕೂಗು ಗಂಡಿನ ವಿಶೇಷ. ಹೆಣ್ಣುಗಳು ಚಿಕ್ಕ ಕೂಗು, ಗುರುಗುಟ್ಟುವಿಕೆ ಮುಂತಾದ ಬಗೆಬಗೆಯ ದನಿಗಳನ್ನು ಹೊರಡಿಸುತ್ತವೆ. ಅಪಾಯ ಕಂಡಾಗ ಹೊರಡುವ ತುಂಡು ತುಂಡಾದ ಚೂಪು ದನಿಗೆ ಇಡೀ ಹಿಂಡು ಒಮ್ಮೆಲೇ ಕತ್ತೆತ್ತಿ ನಿಲ್ಲುತ್ತದೆ.

ತಾಯಿಯ ನಡವಳಿಕೆಯಲ್ಲಿ ಧ್ವನಿಯ ಪಾತ್ರ ಎಷ್ಟು ದೊಡ್ಡದೆಂಬುದನ್ನು ವೋಲ್ಫ್‌ಗಾಂಗ್ ಶ್ಲೈಟ್ ಮತ್ತು ಸಂಗಡಿಗರು 1960ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿತು. ಕಿವಿ ಕೇಳಿಸದಂತೆ ಮಾಡಿದ ತಾಯಿ ಟರ್ಕಿಗಳು ತಮ್ಮ ಮರಿಗಳನ್ನೇ ಶತ್ರುಗಳೆಂದು ಭಾವಿಸಿ ಕುಕ್ಕಿ ಕೊಂದವು. ಗೂಡಿನ ಬಳಿ ಚಲಿಸುವ ಚಿಕ್ಕ ಜೀವಿಯು ತನ್ನ ಮರಿಯೆಂದು ತಾಯಿಗೆ ಗೊತ್ತಾಗುವುದು ಅದರ ಚಿಲಿಪಿಲಿಯಿಂದಲೇ. ಕಾವಿನ ಕೊನೆಯ ದಿನಗಳಲ್ಲಿ ಗೂಡಿನ ಸುತ್ತ ಗದ್ದಲವಿರಬಾರದು ಎಂಬ ಸಾಕಣೆದಾರರ ಎಚ್ಚರಿಕೆಯನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬಹುದು.

ಮರಿಗಳ ಪಾಲನೆ

ಟರ್ಕಿ ಮೊಟ್ಟೆ ಒಡೆದು ಮರಿಯಾಗಲು 28 ದಿನಗಳು ಬೇಕು. ಯಂತ್ರದಲ್ಲಿ ಹುಟ್ಟಿದ ಮರಿಗಳಿಗೆ ಮೇವು ಮತ್ತು ನೀರನ್ನು ತೋರಿಸಿಕೊಡಲು ತಾಯಿ ಇರುವುದಿಲ್ಲ. ಆದ್ದರಿಂದ ಮೊದಲ ವಾರದಲ್ಲಿ ಮೇವು ಎದುರಿಗಿದ್ದರೂ ತಿನ್ನದೆ ಸಾಯುವ ಮರಿಗಳುಂಟು. ಬೆರಳಿನಿಂದ ಮೇವಿನ ತಟ್ಟೆಯನ್ನು ಮೆಲ್ಲನೆ ತಟ್ಟುವುದು, ನೀರಿನ ಬಟ್ಟಲಿನಲ್ಲಿ ಬಣ್ಣದ ಗೋಲಿಗಳನ್ನು ಹಾಕುವುದು, ಮೇವಿನ ಮೇಲೆ ಸಣ್ಣಗೆ ಹೆಚ್ಚಿದ ಹಸಿರು ಸೊಪ್ಪನ್ನು ಉದುರಿಸುವುದು, ತಿನ್ನಲು ಕಲಿತ ಒಂದೆರಡು ಮರಿಗಳನ್ನು ಜೊತೆಗೆ ಬಿಡುವುದು ಇದಕ್ಕೆ ಪರಿಹಾರಗಳು. ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ ಒದಗಿಸಿ, ಅನಂತರ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಲಾಗುತ್ತದೆ. ಬೆದರಿದ ಮರಿಗಳು ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟುವುದರಿಂದ, ಅವುಗಳನ್ನು ಮೂಲೆಗಳಿಲ್ಲದ ವೃತ್ತಾಕಾರದ ಆವರಣದಲ್ಲಿ ಇಡುವುದು ರೂಢಿ.

ಮೊಟ್ಟೆಯೊಡೆದ ಮೊದಲ ದಿನಗಳಲ್ಲಿ ಮರಿಯು ತಾನು ಯಾರೊಂದಿಗೆ ಬೆಳೆಯುತ್ತದೆಯೋ ಅವರನ್ನೇ ತನ್ನ ಜಾತಿಯವರೆಂದು ಗುರುತಿಸಿಕೊಳ್ಳುತ್ತದೆ. ಈ ಬಗೆಯ ಕಲಿಕೆಗೆ ಅಚ್ಚೊತ್ತುವಿಕೆ ಎನ್ನಬಹುದು. ಒಂದೇ ಮರಿಯನ್ನು ಮನೆಯೊಳಗೆ ಇಟ್ಟುಕೊಂಡು, ಕೈಯಲ್ಲಿ ತಿನ್ನಿಸಿ, ಮಡಿಲಲ್ಲಿ ಮಲಗಿಸಿ ಬೆಳೆಸಿದರೆ ಅದು ಮನುಷ್ಯರನ್ನೇ ತನ್ನ ಹಿಂಡೆಂದು ಭಾವಿಸುತ್ತದೆ. ಹೆಣ್ಣಾಗಿದ್ದರೆ ಇದರಿಂದ ದೊಡ್ಡ ತೊಂದರೆಯಿಲ್ಲ. ಗಂಡಾಗಿದ್ದರೆ ಪ್ರಾಯಕ್ಕೆ ಬಂದಾಗ ಅದು ಮನೆಯವರನ್ನೇ ಪ್ರತಿಸ್ಪರ್ಧಿಗಳೆಂದು ಎಣಿಸಿ ಕಾಳಗಕ್ಕೆ ಬರುತ್ತದೆ. ಮುದ್ದಿನಿಂದ ಸಾಕಿದ ಹಕ್ಕಿಯೇ ಅಪಾಯಕಾರಿಯಾಗುವುದು ಹೀಗೆ. ಆದ್ದರಿಂದ ಮರಿಗಳನ್ನು ಯಾವಾಗಲೂ ಗುಂಪಿನಲ್ಲಿಯೇ ಬೆಳೆಸಬೇಕು. ಅವು ಮನುಷ್ಯರ ಇರುವಿಕೆಗೆ ಒಗ್ಗಿಕೊಳ್ಳಬೇಕೇ ಹೊರತು ಮನುಷ್ಯರನ್ನೇ ಸಂಗಾತಿಗಳೆಂದು ತಿಳಿಯಬಾರದು.

ಗರಿಗಳು ಪೂರ್ತಿ ಮೂಡುವ ಮುನ್ನ ಮಳೆಯಲ್ಲಿ ನೆನೆದ ಮರಿಗಳು ಚಳಿಯಿಂದ ಸಾಯುತ್ತವೆ. ಸುಮಾರು ಎಂಟು ವಾರಗಳಾದ ಮೇಲೆ, ಹಿತವಾದ ಹವೆಯಲ್ಲಿ ಬಯಲಿಗೆ ಬಿಡುವುದು ಸೂಕ್ತ.

ಅಲೆದಾಟ, ಬೇಲಿ ಮತ್ತು ಕರೆ

ಒಂದು ಎಕರೆ ಬೇಲಿ ಹಾಕಿದ ಜಮೀನಿನಲ್ಲಿ 200ರಿಂದ 250 ವಯಸ್ಕ ಟರ್ಕಿಗಳನ್ನು ಸಾಕಬಹುದೆಂಬುದು ಭಾರತದಲ್ಲಿ ಬಳಕೆಯಲ್ಲಿರುವ ಲೆಕ್ಕ. ಹುಲ್ಲು ಚಿಗುರಲು ಮತ್ತು ನೆಲ ಶುದ್ಧವಾಗಿರಲು ಜಮೀನನ್ನು ಭಾಗ ಮಾಡಿ ಸರದಿಯಂತೆ ಮೇಯಿಸಬೇಕು. ಮೇವು ಅಥವಾ ನೆರಳು ಸಾಲದಾದಾಗ ಹಿಂಡು ನೆರೆಯವರ ತೋಟಕ್ಕೋ ರಸ್ತೆಗೋ ಹೊರಡುತ್ತದೆ. ಹಕ್ಕಿಗಳನ್ನು ತಮ್ಮ ಜಾಗದಲ್ಲಿ ನಿಲ್ಲಿಸುವುದು ಬೇಲಿಗಿಂತ ಹೆಚ್ಚಾಗಿ ನೆರಳಿನ ಮರ, ತಂಪಾದ ನೀರು, ಒಣಧೂಳಿನ ಹೊಂಡ ಮತ್ತು ಹಸಿರು ಮೇವು.

ಹಗುರವಾದ ತಳಿಗಳು ನಾಲ್ಕೈದು ಅಡಿಯ ಬೇಲಿಯನ್ನು ಸುಲಭವಾಗಿ ಹಾರುತ್ತವೆ. ಬೇಲಿಯ ಮೇಲ್ತುದಿಯಲ್ಲಿ ಕುಳಿತುಕೊಳ್ಳಲು ಅನುಕೂಲವಾದ ಅಡ್ಡಪಟ್ಟಿ ಇದ್ದರಂತೂ ಅದನ್ನೇ ಮೆಟ್ಟಿಲಾಗಿಸಿಕೊಳ್ಳುತ್ತವೆ. ಆದ್ದರಿಂದ ಮೇಲ್ತುದಿ ಜಾಲರಿಯದಾಗಿರುವುದು ಒಳ್ಳೆಯದು. ಹಾರುವ ಹಕ್ಕಿಗಳ ಒಂದು ಬದಿಯ ರೆಕ್ಕೆಯ ಉದ್ದಗರಿಗಳನ್ನು ಮಾತ್ರ ಕತ್ತರಿಸಿದರೆ ಹಾರುವಾಗ ಸಮತೋಲ ತಪ್ಪುತ್ತದೆ. ಇದು ನಮ್ಮ ಉಗುರು ಕತ್ತರಿಸಿದಂತೆ ನೋವಿಲ್ಲದ ಕ್ರಿಯೆ. ಆದರೆ ಹೊಸದಾಗಿ ಬೆಳೆಯುತ್ತಿರುವ ಗರಿಯ ದಂಟಿನಲ್ಲಿ ರಕ್ತವಿರುವುದರಿಂದ ಅದನ್ನು ಕತ್ತರಿಸಬಾರದು. ಗರಿ ಉದುರಿ ಹೊಸತು ಬಂದಾಗ ಮತ್ತೆ ಕತ್ತರಿಸಬೇಕಾಗುತ್ತದೆ. ನಾಯಿಗಳ ಹಾವಳಿ ಇರುವಲ್ಲಿ ರೆಕ್ಕೆ ಕತ್ತರಿಸಿದ ಹಕ್ಕಿಗೆ ಹಾರಿ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲವಾಗುತ್ತದೆ ಎಂಬುದನ್ನು ಗಮನಿಸಬೇಕು.

ದಿನವೂ ಅದೇ ಹೊತ್ತಿಗೆ, ಅದೇ ಬಗೆಯ ಕೂಗು ಅಥವಾ ಡಬ್ಬಿಯ ಸದ್ದು ಮಾಡಿ ಕಾಳು ಹಾಕಿದರೆ ಹಕ್ಕಿಗಳು ಕೆಲವೇ ದಿನಗಳಲ್ಲಿ ಕರೆಗೆ ಬರಲು ಕಲಿಯುತ್ತವೆ. ಹಿಂಡನ್ನು ಸಾಗಿಸುವಾಗ ಬೆನ್ನಟ್ಟಬಾರದು. ಇಬ್ಬರು ಎರಡು ಬದಿಗಳಲ್ಲಿ ಉದ್ದವಾದ ಕೋಲುಗಳನ್ನು ತೋಳಿನ ಮುಂದುವರಿಕೆಯಂತೆ ಚಾಚಿ ಹಿಡಿದು ನಿಧಾನವಾಗಿ ನಡೆದರೆ ಸಾಕು. ಓಡಿಸಿದರೆ ಹಿಂಡು ಚದುರುತ್ತದೆ. ಭಾರದ ಹಕ್ಕಿಗಳಿಗೆ ಕಾಲಿನ ಗಾಯ ಮತ್ತು ಬಿಸಿಲಿನ ಆಘಾತವಾಗುತ್ತದೆ.

ಹಿಂಡನ್ನು ನಡೆಸಿದ ಚರಿತ್ರೆ

ರೈಲು ಬರುವ ಮೊದಲು ಇಂಗ್ಲೆಂಡಿನ ನಾರ್ಫಕ್ ಮತ್ತು ಸಫಕ್ ಪ್ರಾಂತ್ಯಗಳಿಂದ ಟರ್ಕಿಗಳನ್ನು ಲಂಡನ್ ಮಾರುಕಟ್ಟೆಗೆ ನಡೆಸಿಕೊಂಡೇ ಒಯ್ಯುತ್ತಿದ್ದರು. ಲೇಖಕ ಡೇನಿಯಲ್ ಡೀಫೊ 1720ರ ದಶಕದ ತನ್ನ ಪ್ರವಾಸ ಗ್ರಂಥದಲ್ಲಿ ಈ ಹಿಂಡುಗಳನ್ನು ವಿವರಿಸಿದ್ದಾನೆ. ಸುಗ್ಗಿಯ ನಂತರ ಹೊರಟ ಹಕ್ಕಿಗಳು ದಾರಿಯ ಕೊಯ್ದ ಹೊಲಗಳಲ್ಲಿ ಉದುರಿದ ಕಾಳನ್ನು ತಿನ್ನುತ್ತಾ ಸಾಗುತ್ತಿದ್ದವು. ಕಾಲು ಸವೆಯದಿರಲು ಪಾದಗಳನ್ನು ಡಾಂಬರಿನಲ್ಲಿ ಅದ್ದುವ ಪದ್ಧತಿಯೂ ಇತ್ತು. 19ನೆಯ ಶತಮಾನದ ಅಮೆರಿಕದಲ್ಲಿಯೂ ಇಂಥ ನಡಿಗೆಗಳು ನಡೆದವು. ಕತ್ತಲು ಕವಿಯುತ್ತಿದ್ದಂತೆ ಹಕ್ಕಿಗಳು ಹತ್ತಿರದ ಮರಗಳನ್ನೇರಿ ಕುಳಿತರೆ ಅಂದಿನ ಪ್ರಯಾಣ ಅಲ್ಲಿಗೇ ಮುಗಿಯುತ್ತಿತ್ತು. ನೂರಾರು ಹಕ್ಕಿಗಳನ್ನು ದೂರದೂರಕ್ಕೆ ನಡೆಸಲು ಸಾಧ್ಯವಾದದ್ದು ಅವುಗಳ ಹಿಂಡಿನ ಗುಣದಿಂದ. ಅವು ಎಲ್ಲಿ ನಿಲ್ಲಬೇಕೆಂಬುದನ್ನು ಮಾತ್ರ ಸಂಜೆಯ ಬೆಳಕೇ ನಿರ್ಧರಿಸುತ್ತಿತ್ತು.

ರಾತ್ರಿಯ ತಂಗುದಾಣ

ಸಂಜೆಯಾಗುತ್ತಲೇ ಎತ್ತರದ ಜಾಗ ಹುಡುಕುವುದು ಟರ್ಕಿಯ ಹುಟ್ಟುಗುಣ. ಗೂಡಿನಲ್ಲಿ ಎತ್ತರದ ಆಸರೆ ಇಲ್ಲದಿದ್ದರೆ ಅವು ಮರ, ಮಾಡು, ವಾಹನಗಳನ್ನು ಏರುತ್ತವೆ. ಒಮ್ಮೆ ಅಭ್ಯಾಸವಾದ ಜಾಗವನ್ನು ಬಿಡಿಸುವುದು ಕಷ್ಟ. ಅದಕ್ಕಾಗಿ ಮರಿಗಳನ್ನು ಬಯಲಿಗೆ ಬಿಡುವ ಮೊದಲು ಒಂದೆರಡು ವಾರ ಅದೇ ತಂಗುದಾಣದಲ್ಲಿ ಮುಚ್ಚಿಟ್ಟು ರೂಢಿ ಮಾಡಿಸಬೇಕು. ಅನಂತರ ಪ್ರತಿದಿನ ಕತ್ತಲಾಗುವ ಮುನ್ನ, ಅವು ಮರವೇರುವುದಕ್ಕೆ ಮೊದಲೇ ಕಾಳು ತೋರಿಸಿ ಒಳಗೆ ಕರೆಯಬೇಕು.

ರಾತ್ರಿಯ ಮನೆಯಲ್ಲಿ ಹಕ್ಕಿಯೊಂದಕ್ಕೆ 3ರಿಂದ 4 ಚದರ ಅಡಿ ಸ್ಥಳ ಬೇಕು. ಕುಳಿತುಕೊಳ್ಳುವ ದಂಡಗಳು ಅಗಲವಾಗಿದ್ದು ಅಂಚುಗಳು ಉರುಟಾಗಿರಬೇಕು. ಭಾರದ ತಳಿಗಳಿಗೆ ದಂಡಗಳು ತಗ್ಗಿನಲ್ಲಿರಬೇಕು. ಎತ್ತರದಿಂದ ಧುಮುಕಿದರೆ ಕಾಲು ಮತ್ತು ಎದೆಮೂಳೆಗೆ ಪೆಟ್ಟಾಗುತ್ತದೆ. ಎಲ್ಲ ದಂಡಗಳೂ ಒಂದೇ ಎತ್ತರದಲ್ಲಿದ್ದರೆ ಮೇಲಿನ ಸ್ಥಾನಕ್ಕಾಗಿ ನಡೆಯುವ ನೂಕಾಟ ತಪ್ಪುತ್ತದೆ. ಭಾರತದ ಹಳ್ಳಿಗಳಲ್ಲಿ ಬೀದಿನಾಯಿ, ನರಿ, ಕಾಡುಬೆಕ್ಕು ಮತ್ತು ಮುಂಗುಸಿಗಳ ಕಾಟವಿರುವುದರಿಂದ ಬಾಗಿಲು ಭದ್ರವಾಗಿರಬೇಕು.

ಮೊಟ್ಟೆ ಮತ್ತು ಕಾವು

ಹೆಣ್ಣು ಟರ್ಕಿಯು ಸುಮಾರು 30 ವಾರಗಳ ವಯಸ್ಸಿಗೆ ಮೊಟ್ಟೆಯಿಡಲು ತೊಡಗುತ್ತದೆ. ಪೊದೆ, ಬೇಲಿಯ ಬುಡ, ಹುಲ್ಲಿನ ಮೆದೆಗಳ ಮರೆಯಲ್ಲಿ ಮೊಟ್ಟೆಯಿಟ್ಟು, ಯಾರೂ ನೋಡದಂತೆ ಸುತ್ತುದಾರಿಯಿಂದ ಅಲ್ಲಿಗೆ ಹೋಗುತ್ತದೆ. ಕಾವು ಕುಳಿತ ಹೆಣ್ಣು ರಾತ್ರಿಯೂ ಅಲ್ಲಿಯೇ ಉಳಿಯುವುದರಿಂದ ನರಿನಾಯಿಗಳಿಗೆ ತುತ್ತಾಗುತ್ತದೆ. ಮೊಟ್ಟೆಯಿಡಲು ಆರಂಭಿಸುವ ಮೊದಲೇ ಮಂದಬೆಳಕಿನ ಮೂಲೆಯಲ್ಲಿ ಒಣಹುಲ್ಲು ಹಾಸಿದ ಗೂಡುಪೆಟ್ಟಿಗೆಗಳನ್ನು ಇರಿಸಿ, ಅವುಗಳಲ್ಲಿ ಮರದ ಅಥವಾ ಸುಣ್ಣಕಲ್ಲಿನ ಹುಸಿಮೊಟ್ಟೆ ಇಡುವುದು ಉಪಾಯ. ಟರ್ಕಿಗಳು ಬಹುಪಾಲು ಮಧ್ಯಾಹ್ನದ ನಂತರ ಮೊಟ್ಟೆಯಿಡುತ್ತವೆ. ಆದ್ದರಿಂದ ಮೊಟ್ಟೆಯ ಕಾಲದಲ್ಲಿ ಬೆಳಗ್ಗೆ ಮೇಯಿಸಿ ಮಧ್ಯಾಹ್ನ ಆವರಣದೊಳಗೆ ಇರಿಸಿಕೊಳ್ಳುವುದು ಅನುಕೂಲ.

ಒಂದು ಹೆಣ್ಣು 10ರಿಂದ 12 ಮೊಟ್ಟೆಗಳಿಗೆ ಕಾವು ಕೊಡಬಲ್ಲದು. ಕಾವಿಗೆ ಕುಳಿತಾಗ ಮೊಟ್ಟೆಯಿಡುವುದು ನಿಲ್ಲುತ್ತದೆ. ಮರಿಗಳು ಬೇಡವಾದರೆ ಅದನ್ನು ಗೂಡಿನಿಂದ ತೆಗೆದು, ತಂತಿ ಜಾಲರಿಯ ತಳವಿರುವ ಎತ್ತರದ ಪಂಜರದಲ್ಲಿ ನೀರು ಮೇವು ಕೊಟ್ಟು ಕೆಲವು ದಿನ ಇರಿಸಿದರೆ ಕಾವಿನ ಹಂಬಲ ಇಳಿಯುತ್ತದೆ. ಉಪವಾಸ ಕೆಡವುವುದು, ನೀರಿನಲ್ಲಿ ಮುಳುಗಿಸುವುದು ಕ್ರೌರ್ಯವಷ್ಟೇ.

ಪರಸ್ಪರ ಜಗಳ ಮತ್ತು ಕುಕ್ಕುವಿಕೆ

ಗಂಡುಗಳ ನಡುವಿನ ಕಾಳಗದಲ್ಲಿ ಒಂದು ಇನ್ನೊಂದರ ಸ್ನೂಡ್, ಕತ್ತಿನ ತೊಗಲು ಅಥವಾ ಕೊಕ್ಕನ್ನು ಕಚ್ಚಿ ಹಿಡಿದು ತಳ್ಳಾಡುತ್ತದೆ. ಸೋತದ್ದು ತಲೆ ತಗ್ಗಿಸಿ ದೂರ ಸರಿದರೆ ಕಾಳಗ ಮುಗಿಯುತ್ತದೆ. ಇಕ್ಕಟ್ಟಾದ ಆವರಣದಲ್ಲಿ ಸರಿಯಲು ಜಾಗವೇ ಇರುವುದಿಲ್ಲ. ಗೆದ್ದದ್ದು ಕುಕ್ಕುತ್ತಲೇ ಇರುತ್ತದೆ. ತಲೆಯ ಮೇಲಿನ ಇಂಥ ಗಾಯಗಳು ಪ್ರಾಣಾಂತಿಕವಾಗಬಹುದು. ಗರಿ ಕೀಳುವುದು ಬೇರೊಂದು ಬಗೆಯ ತೊಂದರೆ. ಅದಕ್ಕೆ ಬೇಸರ, ದಟ್ಟಣೆ, ಪೌಷ್ಟಿಕಾಂಶದ ಕೊರತೆ ಕಾರಣವಾಗುತ್ತವೆ. ರಕ್ತದ ಕಲೆ ಕಂಡರೆ ಇಡೀ ಹಿಂಡು ಕುಕ್ಕಲು ಮುಗಿಬೀಳುತ್ತದೆ. ಆದ್ದರಿಂದ ಗಾಯಗೊಂಡ ಅಥವಾ ಕಾಯಿಲೆಬಿದ್ದ ಹಕ್ಕಿಯನ್ನು ಕೂಡಲೇ ಬೇರ್ಪಡಿಸಬೇಕು.

ನಿಯಂತ್ರಣದ ಮುಖ್ಯ ಕ್ರಮಗಳು ಇವು:

• ಮಧ್ಯಮ ಗಾತ್ರದ ತಳಿಗಳಲ್ಲಿ ಐದು ಹೆಣ್ಣುಗಳಿಗೆ ಒಂದು, ಭಾರದ ತಳಿಗಳಲ್ಲಿ ಮೂರಕ್ಕೆ ಒಂದು ಗಂಡನ್ನು ಮಾತ್ರ ಇಡುವುದು. ಹೆಚ್ಚುವರಿ ಗಂಡುಗಳನ್ನು ಹೆಣ್ಣುಗಳು ಕಣ್ಣಿಗೆ ಬೀಳದ ಕಡೆ ಪ್ರತ್ಯೇಕ ಗುಂಪಾಗಿ ಸಾಕುವುದು.
• ಮೇವು ಮತ್ತು ನೀರಿನ ಪಾತ್ರೆಗಳನ್ನು ಹಲವೆಡೆ ಇಡುವುದು.
• ಸೋತ ಹಕ್ಕಿ ಮರೆಯಾಗಲು ಹುಲ್ಲಿನ ಕಟ್ಟು, ಪೊದೆ, ತಡಿಕೆಗಳನ್ನು ಒದಗಿಸುವುದು.
• ಕೋಸು, ಸೊಪ್ಪಿನ ಕಂತೆಗಳನ್ನು ತೂಗುಹಾಕಿ ಕುಕ್ಕಲು ಬೇರೆ ವಸ್ತು ಕೊಡುವುದು.
• ಹೊಸ ಹಕ್ಕಿಗಳನ್ನು ಸುಮಾರು ಒಂದು ತಿಂಗಳು ರೋಗಪರೀಕ್ಷೆಗಾಗಿ ದೂರವಿಟ್ಟು, ಬಳಿಕ ಕೆಲವು ದಿನ ಜಾಲರಿಯ ಆಚೆಬದಿಯಲ್ಲಿರಿಸಿ, ಒಂದೊಂದಾಗಿ ಅಲ್ಲದೆ ಗುಂಪಾಗಿ ಸೇರಿಸುವುದು.
• ಕೂಡುವಾಗ ಗಂಡಿನ ಪಂಜಗಳಿಂದ ಹೆಣ್ಣಿನ ಬೆನ್ನು ಸೀಳದಂತೆ ಗಂಡಿನ ಉಗುರಿನ ತುದಿಗಳನ್ನು ಮೊಂಡುಮಾಡುವುದು ಅಥವಾ ಹೆಣ್ಣಿನ ಬೆನ್ನಿಗೆ ದಪ್ಪಬಟ್ಟೆಯ ಹೊದಿಕೆ ಕಟ್ಟುವುದು.

ದೊಡ್ಡ ಉದ್ಯಮಗಳಲ್ಲಿ ಕೊಕ್ಕಿನ ತುದಿ ಅಥವಾ ಸ್ನೂಡನ್ನು ಕತ್ತರಿಸುವ ಪದ್ಧತಿ ಇದೆ. ಕೊಕ್ಕು ಕತ್ತರಿಸುವುದು ನೋವಿನ ಕ್ರಿಯೆಯಾಗಿರುವುದಲ್ಲದೆ, ಹುಲ್ಲು ಕಿತ್ತು ತಿನ್ನಬೇಕಾದ ಬಯಲಿನ ಹಕ್ಕಿಗೆ ಅನನುಕೂಲವೂ ಹೌದು.

ಮನುಷ್ಯರ ಮೇಲಿನ ಆಕ್ರಮಣ

ವಯಸ್ಕ ಗಂಡು ಟರ್ಕಿ ಏಳೆಂಟು ಕಿಲೋಗ್ರಾಂ ಅಥವಾ ಅದಕ್ಕೂ ಹೆಚ್ಚು ತೂಗುತ್ತದೆ. ಕಾಲಿನ ಮುಳ್ಳು, ಪಂಜ ಮತ್ತು ರೆಕ್ಕೆಗಳಿಂದ ಅದು ಹೊಡೆಯುತ್ತದೆ. ದೊಡ್ಡವರಿಗೆ ಇದು ಗೀರುಗಾಯವಾಗಿ ಮುಗಿಯಬಹುದು. ಹಕ್ಕಿಯ ತಲೆಯ ಮಟ್ಟಕ್ಕೆ ಮುಖವಿರುವ ಚಿಕ್ಕ ಮಕ್ಕಳಿಗೆ ಕಣ್ಣಿಗೆ ಅಪಾಯವಿದೆ. ವಯಸ್ಸಾದವರು ಬೆದರಿ ಬೀಳುವ ಸಂಭವವೂ ಇದೆ. ಸಂತಾನೋತ್ಪತ್ತಿಯ ಕಾಲದಲ್ಲಿ ಮಕ್ಕಳನ್ನು ಗಂಡು ಟರ್ಕಿಗಳ ಬಳಿ ಒಂಟಿಯಾಗಿ ಬಿಡಬಾರದು.

ಆಕ್ರಮಣಕ್ಕೆ ಮುನ್ಸೂಚನೆಗಳಿರುತ್ತವೆ. ಹಕ್ಕಿ ಒಬ್ಬ ವ್ಯಕ್ತಿಯ ಸುತ್ತ ಮೆರೆಯುತ್ತಾ ಸುತ್ತುಹಾಕುತ್ತದೆ, ದಾರಿಗೆ ಅಡ್ಡ ನಿಲ್ಲುತ್ತದೆ, ಬೆನ್ನ ಹಿಂದೆ ಹಿಂಬಾಲಿಸುತ್ತದೆ. ಈ ಹಂತದಲ್ಲಿ ಓಡಿಹೋಗುವುದು ಟರ್ಕಿಯ ಭಾಷೆಯಲ್ಲಿ ಸೋಲನ್ನು ಒಪ್ಪಿಕೊಂಡಂತೆ. ಮರುದಿನ ಅದು ಇನ್ನಷ್ಟು ಧೈರ್ಯದಿಂದ ಬರುತ್ತದೆ. ಹೊಡೆಯುವುದು ಕಾಳಗದ ಸವಾಲನ್ನು ಸ್ವೀಕರಿಸಿದಂತೆ. ಅದರಿಂದ ರೋಷ ಹೆಚ್ಚುತ್ತದೆ. ಎದುರು ನಿಂತು, ಕೊಡೆ, ಪೊರಕೆ ಅಥವಾ ಹಲಗೆಯನ್ನು ನಡುವೆ ಅಡ್ಡ ಹಿಡಿದು, ನಿಧಾನವಾಗಿ ಮುಂದೆ ನಡೆದು ಹಕ್ಕಿಯನ್ನು ಹಿಂದೆ ಸರಿಸಬೇಕು. ಅನುಭವವುಳ್ಳವರು ಹಕ್ಕಿಯನ್ನು ರೆಕ್ಕೆಗಳೊಡನೆ ತೋಳಿನಡಿ ಒತ್ತಿ ಹಿಡಿದು, ಅದು ಶಾಂತವಾಗುವವರೆಗೆ ಇರಿಸಿಕೊಂಡು ಬಿಡುತ್ತಾರೆ. ಮನೆಯವರೆಲ್ಲರೂ ಒಂದೇ ಬಗೆಯಾಗಿ ನಡೆದುಕೊಳ್ಳಬೇಕು. ಒಬ್ಬರು ನಿಂತು ಮತ್ತೊಬ್ಬರು ಓಡಿದರೆ, ಓಡಿದವರೇ ಗುರಿಯಾಗುತ್ತಾರೆ.

ಹೆಣ್ಣುಗಳು ಜನರ ಮುಂದೆ ರೆಕ್ಕೆ ತಗ್ಗಿಸಿ ನೆಲಕ್ಕೆ ಕುಳಿತುಬಿಡುವುದುಂಟು. ಇದು ಕಾಯಿಲೆಯಲ್ಲ, ಕೂಡಲು ಸಿದ್ಧವಾಗಿರುವ ಸೂಚನೆ. ಗಂಡು ಟರ್ಕಿಗಳಲ್ಲಿ ಇಂಥ ಪ್ರತಿಕ್ರಿಯೆಗಳಿಗೆ ಎಷ್ಟು ಅಲ್ಪ ಪ್ರಚೋದನೆ ಸಾಕೆಂಬುದನ್ನು ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಮಾರ್ಟಿನ್ ಶೈನ್ ಮತ್ತು ಎಡ್ಗರ್ ಹೇಲ್ ತೋರಿಸಿದರು. ಕೋಲಿಗೆ ಸಿಕ್ಕಿಸಿದ ಹೆಣ್ಣು ಟರ್ಕಿಯ ತಲೆಯ ಮಾದರಿಯ ಎದುರಿಗೂ ಗಂಡುಗಳು ಮೆರೆದವು. ವಾಹನದ ಹೊಳಪಿನಲ್ಲಿ, ಕಿಟಕಿಯ ಗಾಜಿನಲ್ಲಿ ತನ್ನದೇ ಪ್ರತಿಬಿಂಬ ಕಂಡ ಗಂಡು ಅದನ್ನು ಎದುರಾಳಿಯೆಂದು ಭಾವಿಸಿ ಕುಕ್ಕುವುದನ್ನೂ ಹೀಗೆಯೇ ವಿವರಿಸಬಹುದು. ಅಂಥ ಮೇಲ್ಮೈಯನ್ನು ಬಟ್ಟೆಯಿಂದ ಮುಚ್ಚಿದರೆ ತೊಂದರೆ ನಿಲ್ಲುತ್ತದೆ.

ನಾಟಿಕೋಳಿಗಳೊಂದಿಗೆ ಬೆರೆಸುವಿಕೆ

ಟರ್ಕಿಗಳು ನಾಟಿಕೋಳಿಗಳೊಂದಿಗೆ ಸಾಮಾನ್ಯವಾಗಿ ಹೊಂದಿಕೊಂಡಿರುತ್ತವೆ. ಆದರೆ ರೋಗದ ದೃಷ್ಟಿಯಿಂದ ಇಬ್ಬರನ್ನೂ ಬೇರೆಯಾಗಿಡುವುದು ಅಗತ್ಯ. ಬ್ಲ್ಯಾಕ್‌ಹೆಡ್ ಎಂಬ ರೋಗವನ್ನು ಉಂಟುಮಾಡುವ ಏಕಕೋಶ ಜೀವಿಯು ಕೋಳಿಗಳ ಕರುಳಿನ ಹುಳುವಿನ ಮೊಟ್ಟೆಗಳ ಮೂಲಕ ಹರಡುತ್ತದೆ. ಕೋಳಿಗಳು ಹೆಚ್ಚಿನ ಲಕ್ಷಣಗಳಿಲ್ಲದೆ ಇದನ್ನು ಹೊತ್ತು ತಿರುಗಬಲ್ಲವು. ಟರ್ಕಿಗಳು ಹಳದಿ ಭೇದಿಯಾಗಿ ಗುಂಪುಗುಂಪಾಗಿ ಸಾಯುತ್ತವೆ. ಆ ಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ, ಕೋಳಿಗಳು ಇತ್ತೀಚೆಗೆ ಮೇಯ್ದ ನೆಲದಲ್ಲಿಯೂ ಟರ್ಕಿಗಳನ್ನು ಬಿಡಬಾರದು. ಹಿಂಡು ಬಿಟ್ಟು ಒಂದೆಡೆ ಗರಿಯುಬ್ಬಿಸಿ ನಿಲ್ಲುವುದು ಕಾಯಿಲೆಯ ಮೊದಲ ಲಕ್ಷಣ. ಅಂಥ ಹಕ್ಕಿಯನ್ನು ಬೇರ್ಪಡಿಸಿ ಪಶುವೈದ್ಯರಿಗೆ ತೋರಿಸಬೇಕು.

ತಪ್ಪು ಕಲ್ಪನೆಗಳು

ಟರ್ಕಿಗಳು ಮಳೆ ಬಂದಾಗ ಬಾಯಿ ತೆರೆದು ಆಕಾಶ ನೋಡುತ್ತಾ ಮುಳುಗಿ ಸಾಯುವಷ್ಟು ದಡ್ಡ ಹಕ್ಕಿಗಳೆಂಬ ಮಾತು ಪ್ರಚಾರದಲ್ಲಿದೆ. ಇದು ನಿಜವಲ್ಲ. ಟರ್ಕಿಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಮೇಲೆ ನೋಡಲು ಅದು ತಲೆಯನ್ನು ಓರೆಮಾಡುತ್ತದೆಯೇ ಹೊರತು ಬಾಯಿ ತೆರೆದು ನಿಲ್ಲುವುದಿಲ್ಲ. ಮಳೆಯಲ್ಲಿ ಸಾಯುವುದು ಗರಿ ಮೂಡದ ಮರಿಗಳು, ಅದೂ ಚಳಿಯಿಂದ. ಟರ್ಕಿಯು ಸ್ವಭಾವತಃ ಕ್ರೂರಿ ಎಂಬ ಮಾತೂ ಇಂಥದೇ. ಜನರ ಮೇಲೆ ಎರಗುವ ಹಕ್ಕಿಯ ಹಿಂದೆ ಹಲವು ವೇಳೆ ಒಂಟಿಯಾಗಿ ಕಳೆದ ಮರಿತನವಿರುತ್ತದೆ. ಮರವೇರುವ ಹಕ್ಕಿಗೆ ಗೂಡಿನಲ್ಲಿ ತಕ್ಕ ದಂಡವಿಲ್ಲದಿರಬಹುದು. ಬೇಲಿ ಹಾರುವ ಹಿಂಡಿಗೆ ನೆರಳೋ ಮೇವೋ ಸಾಲದಿರಬಹುದು. ತೊಂದರೆ ಕಂಡಾಗ ಹಕ್ಕಿಯನ್ನು ಮಾರುವ ಅಥವಾ ಕೊಲ್ಲುವ ಮೊದಲು ಈ ಕಾರಣಗಳನ್ನು ಪರಿಶೀಲಿಸುವುದು ಸಾಕಣೆದಾರನ ಮೊದಲ ಕೆಲಸ.